ನಾಲ್ಕನೇ ಕೋಣೆಯ ಪೀಚ್ ಕಡ್ಡಿಗಳು

ಸುಡುಬಿಸಿಲಿನಲ್ಲೂ ಸ್ವೆಟರ್ ತೊಟ್ಟು ಓಡಾಡುತ್ತಿದ್ದುದರಿಂದ ಅವನಿಗೆ ಥಂಡಿರಾಯ ಎಂದು ಹೆಸರು ಬಿದ್ದಿತ್ತು. ಹಣ್ಣಿನ ಕೋಲ್ಡ್ ಸ್ಟೋರೇಜಿನಲ್ಲಿ ಮೂವತ್ತೊಂದು ವರ್ಷ ದುಡಿದವನ ಮೂಳೆಯಲ್ಲಿ ಬಿಸಿ ಎಲ್ಲಿಂದ ಉಳಿಯಬೇಕು? ಯಾವ ಕೋಣೆಗೆ ಯಾವ ಹಣ್ಣು, ಎಷ್ಟು ಥಂಡಿ, ಎಷ್ಟು ದಿನ ಎಂಬುದೆಲ್ಲ ಅವನಿಗೆ ನಿದ್ದೆಗಣ್ಣಲ್ಲೂ ಗೊತ್ತು.

ಅವನಿಗೆ ಪ್ರಾಣವಾದ ಹಣ್ಣು ಪೀಚ್. ಊರಿಗೆಲ್ಲ ಅದನ್ನು ಕೆಡಿಸಿ ಕೊಡುವವನೂ ಅವನೇ. ಬಲಿಯದ ಕಾಯಿ ಲಾರಿಯಲ್ಲಿ ಬರುತ್ತದೆ, ಇವನು ವಾರಗಟ್ಟಲೆ ಥಂಡಿಯಲ್ಲಿಡುತ್ತಾನೆ, ಕೊನೆಗೆ ಕೊಂಡು ತಿಂದವರಿಗೆ ಹತ್ತಿ ಅಗಿದ ಹಾಗಾಗುತ್ತದೆ. ಪಾಪ, ಅವರು ಪೀಚ್ ಎಂದರೆ ಇಷ್ಟೇ ಎಂದುಕೊಳ್ಳುತ್ತಾರೆ.

ನಿಜವಾದ ಪೀಚ್ ಇದ್ದದ್ದು ಒಂದೇ ಕಡೆ, ಕೋಲ್ಡ್ ಸ್ಟೋರೇಜಿನ ಅಂಗಳದಲ್ಲಿ, ಜನರೇಟರಿನ ಹಿಂದೆ. ಯಾವ ಡ್ರೈವರ್ ಉಗಿದ ಗೊರಟಿನಿಂದ ಹುಟ್ಟಿತ್ತೋ ಏನೋ, ಹೊಗೆ ಕುಡಿದೇ ಬೆಳೆದ ಮರ. ಅದರ ಹಣ್ಣನ್ನು ಕಿತ್ತ ಗಳಿಗೆಯಲ್ಲೇ ತಿನ್ನಬೇಕು. ರಸ ಮೊಣಕೈವರೆಗೆ ಇಳಿಯುತ್ತಿತ್ತು. ವರ್ಷಕ್ಕೆ ಹದಿನೈದು ದಿನ ಅವನು ಬುತ್ತಿ ಬಿಚ್ಚುತ್ತಲೇ ಇರಲಿಲ್ಲ. ಒಂದು ದಿನ ಸ್ವಂತ ಹಿತ್ತಲು ಮಾಡಿ ಇದನ್ನೇ ಬೆಳೆಸುತ್ತೇನೆ ಎಂದು ಹೇಳಿಕೊಂಡೇ ಐದು ಬಾಡಿಗೆ ಮನೆ ಬದಲಾಯಿಸಿದ.

ಐವತ್ತೆಂಟಕ್ಕೆ ಸ್ವಂತ ಮನೆಯಾಯಿತು. ಹಿತ್ತಲು ಉದ್ದಕ್ಕೆ ಹನ್ನೆರಡು ಹೆಜ್ಜೆ, ಅಗಲಕ್ಕೆ ಎಂಟು. ಗುದ್ದಲಿಗಿಂತ ಮೊದಲು ಅವನು ಕೊಂಡು ತಂದದ್ದು ಹಕ್ಕಿ ಬಾರದಂತೆ ಮರಕ್ಕೆ ಹೊದಿಸುವ ಬಲೆ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ," ಎಂದಳು ಹೆಂಡತಿ. "ನಿಮ್ಮ ಕೈಯಲ್ಲಿ ಗಿಡ ಬದುಕಿದ್ದನ್ನ ನಾನಂತೂ ನೋಡಿಲ್ಲ."

ಆ ಚಳಿಗಾಲದಲ್ಲೇ ಮ್ಯಾನೇಜರ್ ಕರೆದು, ದೊಡ್ಡ ಲಾರಿ ತಿರುಗಿಸಲು ಜಾಗ ಸಾಲದು, ಜನರೇಟರಿನ ಹಿಂದಿನ ಮರ ತೆಗೆಸುತ್ತೇವೆ ಎಂದ. ಥಂಡಿರಾಯ ಬೇಡಿಕೊಂಡ. ಮೂವತ್ತೊಂದು ವರ್ಷದಲ್ಲಿ ಅವನು ಯಾರ ಮುಂದೆಯೂ ಹಾಗೆ ಕೈ ಮುಗಿದವನಲ್ಲ. ಒಂದು ವಾರ ಸಿಕ್ಕಿತು, ಅಷ್ಟೇ.

ಓಡಿದ್ದು ನರ್ಸರಿಯ ಮಾಲಿಯ ಹತ್ತಿರ. ಮುದುಕ ಮಾಲಿ ಎಲ್ಲ ಬಿಡಿಸಿ ಹೇಳಿದ. "ಗೊರಟು ನೆಟ್ರೆ ತಾಯಿ ಗುಣ ಬರುತ್ತೆ ಅಂತ ಹೇಳೋಕಾಗಲ್ಲ ರಾಯ್ರೇ. ಕಸಿನೇ ಆಗ್ಬೇಕು. ಪೆನ್ಸಿಲ್ ದಪ್ಪದ ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆ ಸುತ್ತಿ, ಚಳಿ ಮುಗಿಯೋವರ್ಗೂ ಥಂಡೀಲಿಡಿ. ಆಮೇಲೆ ನನ್ನ ಹತ್ರ ಇರೋ ಕಾಡು ಪೀಚ್ ಸಸಿಗೆ ಕಟ್ಟೋಣ. ಆದ್ರೆ ಥಂಡೀಲಿಡೋವಾಗ ಒಂದು ವಿಷಯ..."

"ಥಂಡಿ ವಿಷಯ ನನಗೆ ಹೇಳ್ತೀಯಾ ತಾತಾ?" ಥಂಡಿರಾಯ ಜೋರಾಗಿ ನಕ್ಕ. ಮಾಲಿಯೂ ನಕ್ಕು ಸುಮ್ಮನಾದ.

ಮರ ಉರುಳುವ ಹಿಂದಿನ ದಿನ ಮೂವತ್ತು ಕಡ್ಡಿ ಕತ್ತರಿಸಿದ. ಏಳು ಕೋಣೆಗಳಲ್ಲಿ ಥಂಡಿ ಒಂದಿಷ್ಟೂ ಏರುಪೇರಾಗದ್ದು ನಾಲ್ಕನೆಯದು. ಅಲ್ಲಿ, ಎರಡು ತಿಂಗಳು ಯಾರೂ ಮುಟ್ಟದ ಮೂಲೆಯಲ್ಲಿ, ಕಡ್ಡಿಗಳ ಪೆಟ್ಟಿಗೆಯನ್ನು ಜೋಪಾನವಾಗಿ ಇಟ್ಟ. ಬಟ್ಟೆ ಒಣಗೀತೆಂದು ದಿನಕ್ಕೆರಡು ಸಲ ಮುಟ್ಟಿ ನೋಡುತ್ತಿದ್ದ. ಮೊಮ್ಮಗುವನ್ನೂ ಅಷ್ಟು ಮುದ್ದಾಗಿ ನೋಡಿಕೊಂಡವನಲ್ಲ ಆಸಾಮಿ.

ಚಳಿ ಕಳೆಯಿತು. ಹಿತ್ತಲಲ್ಲಿ ನೆಟ್ಟ ಆರು ಕಾಡು ಸಸಿಗಳ ತಲೆ ಕತ್ತರಿಸಿ, ಮಾಲಿ ತೋರಿಸಿಕೊಟ್ಟ ಹಾಗೆ ಕಡ್ಡಿ ಸಿಕ್ಕಿಸಿ, ಪಟ್ಟಿ ಸುತ್ತಿದ. ಮೂರು ವಾರ ಕಳೆದರೂ ಕಡ್ಡಿಯ ಒಂದು ಕಣ್ಣೂ ಚಿಗುರಲಿಲ್ಲ. ಬಿಚ್ಚಿ, ಬೇರೆ ಕಡ್ಡಿ ಕಟ್ಟಿದ. ಅವೂ ಕಪ್ಪಾದವು. ಮತ್ತೆ ಕಟ್ಟಿದ. ಹೆಬ್ಬೆರಳು ಕೊಯ್ದುಕೊಂಡ. ಊಟ ಸೇರದಾಯಿತು. ಉಗುರಿನಿಂದ ಸಿಪ್ಪೆ ಕೆರೆದು ಹಸಿರು ಹುಡುಕುವುದೇ ಕೆಲಸವಾಯಿತು. ಎಲ್ಲಿ ಕೆರೆದರೂ ಕಂದು ಬಣ್ಣ.

ಉಳಿದ ಕಡ್ಡಿಗಳನ್ನು ಪೆಟ್ಟಿಗೆಸಮೇತ ಮಾಲಿಯ ಮುಂದಿಟ್ಟ. ಮುದುಕ ಮುಚ್ಚಳ ತೆಗೆದು ಮೂಸಿ ನೋಡಿದ.

"ಯಾವ ಹಣ್ಣಿನ ಜೊತೆ ಇಟ್ಟಿದ್ರಿ ರಾಯ್ರೇ?"

ನಾಲ್ಕನೇ ಕೋಣೆ ಸೇಬಿನ ಕೋಣೆ. ಸೇಬು ಉಸಿರಾಡುತ್ತದೆ, ಅದರ ಉಸಿರು ತಾಗಿದ್ದೆಲ್ಲ ಹಣ್ಣಾಗುತ್ತದೆ, ಕೊಳೆಯುತ್ತದೆ, ಹಾಗಾಗಿ ಸೇಬಿನ ಪಕ್ಕ ಇನ್ನೇನನ್ನೂ ಇಡಬೇಡಿ. ಹೊಸದಾಗಿ ಕೆಲಸಕ್ಕೆ ಸೇರಿದ ಪ್ರತಿಯೊಬ್ಬನಿಗೂ ಅವನೇ ಕಲಿಸಿದ ಮೊದಲ ಪಾಠ ಅದು. ಹಣ್ಣಿಗೆ ಮಾತ್ರ ಅಂದುಕೊಂಡಿದ್ದ. ಬರೀ ಕಡ್ಡಿಗೆ ಏನಾದೀತು ಎಂದು ತಲೆಗೇ ಹೊಳೆದಿರಲಿಲ್ಲ.

"ಕಡ್ಡಿಯೊಳಗಿನ ಕಣ್ಣೂ ಸಾಯುತ್ತೆ," ಎಂದ ಮಾಲಿ ಮೆಲ್ಲಗೆ. "ಅವತ್ತು ಅದನ್ನೇ ಹೇಳೋಕೆ ಬಂದಿದ್ದೆ."

ಅಲ್ಲಿಂದ ನೆಟ್ಟಗೆ ಕೋಲ್ಡ್ ಸ್ಟೋರೇಜಿನ ಅಂಗಳಕ್ಕೆ ಹೋದ. ಮರ ಉರುಳಿದಾಗಿನಿಂದ ಅವನು ಜನರೇಟರಿನ ಹಿಂದೆ ತಲೆ ಹಾಕಿರಲಿಲ್ಲ. ಬೇರಾದರೂ ಉಳಿದಿರಬಹುದೆಂಬ ಹುಚ್ಚು. ಮರವಿದ್ದ ಕಡೆ ಕಾಂಕ್ರೀಟು ಹಾಸಿ, ಅದರ ಮೇಲೆ ಲಾರಿ ನಿಲ್ಲಿಸಿದ್ದರು. ಲಾರಿಯ ಕೆಳಗೆ ಕೈ ಚಾಚಿ ನೆಲ ಸವರಿದ. ನೋಡಿದವರು ಏನೋ ಕಳೆದುಕೊಂಡಿರಬೇಕು ಎಂದುಕೊಂಡರು. ಇಡೀ ಭೂಮಿಯ ಮೇಲೆ ಆ ಹಣ್ಣಿನ ಮರ ಇನ್ನೊಂದಿರಲಿಲ್ಲ, ಅದನ್ನು ಕೊಂದದ್ದು ಮ್ಯಾನೇಜರ್ ಅಲ್ಲ, ತಾನು. ಹೆಂಡತಿಗೆ ಇದನ್ನು ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ.

ಹತ್ತು ದಿನ ಅವನು ಹಿತ್ತಲಿಗೆ ಕಾಲಿಡಲಿಲ್ಲ. ಅವನು ಸೊರಗುವುದನ್ನು ನೋಡಲಾರದೆ ಅವಳೇ ಸಸಿಗಳಿಗೆ ನೀರು ಹಾಕುತ್ತಿದ್ದಳು. ಹನ್ನೊಂದನೆಯ ದಿನ ಬೆಳಿಗ್ಗೆ ಅವಳ ಕೂಗು ಮನೆ ತುಂಬಿತು.

"ರೀ! ಬನ್ನಿ ಇಲ್ಲಿ! ಚಿಗುರಿದೆ ರೀ!"

ಸ್ವೆಟರ್ ಇಲ್ಲದೆ, ಬರಿಗಾಲಲ್ಲಿ ಓಡಿಬಂದು ಮಂಡಿಯೂರಿದ. ಎರಡು ಎಳೆ ಎಲೆ, ಹಸಿರೆಂದರೆ ಹಸಿರು. ಬೆರಳ ತುದಿಯಿಂದ ಮುಟ್ಟಿ ನೋಡಿದ. ಆಮೇಲೆ ಚಿಗುರು ಹೊರಟ ಜಾಗ ಕಂಡಿತು. ಪಟ್ಟಿಯಿಂದ ಒಂದು ಗೇಣು ಕೆಳಗೆ, ಕಾಡು ಸಸಿಯ ಕಾಂಡದಲ್ಲಿ. ಮೇಲೆ ಅಂಗಳದ ಮರದ ಕಡ್ಡಿ ಒಣಗಿ ನಿಂತಿತ್ತು. ಚಿಗುರಿದ್ದು ಬರೀ ಕಾಡು ಪೀಚ್.

"ನಾನು ನಂಬಿರ್ಲಿಲ್ಲ ಕಣ್ರೀ, ತಪ್ಪಾಯ್ತು," ಅವಳು ಕಣ್ಣೊರೆಸಿಕೊಂಡಳು. "ನೀವು ಹೇಳ್ತಿದ್ರಲ್ಲ, ಆ ಹಣ್ಣು, ನಾನೂ ಒಂದ್ಸಲ ತಿನ್ಬೇಕು. ಎಷ್ಟು ವರ್ಷಕ್ಕೆ ಬಿಡುತ್ತೆ?"

ಅಷ್ಟು ವರ್ಷ ಅವಳಿಗೆಂದು ಒಂದು ಹಣ್ಣನ್ನೂ ಮನೆಗೆ ತಂದಿರಲಿಲ್ಲವೆಂಬುದು ಅವನಿಗೆ ಆಗ ಹೊಳೆಯಿತು. ಕಿತ್ತಲ್ಲೇ ತಿನ್ನಬೇಕು, ಒಯ್ದರೆ ಕೆಡುತ್ತದೆ ಎಂದು ಎಲ್ಲವನ್ನೂ ತಾನೇ ತಿಂದಿದ್ದ.

"ಮೂರು," ಎಂದ.

"ನಿಮಗೆ ಅರವತ್ತೊಂದಾಗುತ್ತೆ ಆಗ," ಎನ್ನುತ್ತ ಅವಳು ಚೊಂಬಿನ ನೀರನ್ನು ಬುಡಕ್ಕೆ ಹೊಯ್ದಳು.