ಹೊಳೆಗೆ ಬಿಡಲಾಗದ ರಿಯಾಲುಗಳು

ಬೆಳಿಗ್ಗೆ ಹತ್ತೂಕಾಲಿಗೆ ಚಿಕ್ಕಮ್ಮ ಗಂಜಾಂನ ಮೆಟ್ಟಿಲುಗಳ ಮೇಲೆ ನಿಂತು, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಕಾವೇರಿಗೆ ಕಾಲಿಟ್ಟಳು. ನಿಮಿಷಾಂಬೆಗೆ ಕೈಮುಗಿದು ಹೊರಬರುವಾಗ ವಾಪಸ್ಸು ಬಸ್ಸಿನ ಯೋಚನೆಯಲ್ಲಿ ಗಡಿಯಾರ ನೋಡಿದ್ದೆ. ಆ ಹೊತ್ತು ಹಾಗೇ ನನ್ನೊಳಗೆ ನಿಂತುಬಿಟ್ಟಿದೆ. ಅವಳ ಕೈಯಲ್ಲಿ ಖರ್ಜೂರದ ತಗಡಿನ ಡಬ್ಬಿ. ಡಬ್ಬಿಯೊಳಗೆ, ಚಿಕ್ಕಪ್ಪ ಸೌದಿಯಿಂದ ರಜೆಗೆ ಬಂದಾಗ ಅವನ ಜೇಬಿನಲ್ಲಿ ಉಳಿದು ಬಂದಿದ್ದ ಚಿಲ್ಲರೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಪಾಂಡವಪುರದಲ್ಲಿ ಬಿ.ಎ. ಓದುತ್ತಿದ್ದೆ. ಚಿಕ್ಕಪ್ಪ ಜೆಡ್ಡಾದಲ್ಲಿ ಕ್ರೇನು ಓಡಿಸುತ್ತಿದ್ದ. ಮದುವೆಯಾದ ಮೇಲೆ ಒಂದೇ ಸಲ ಊರಿಗೆ ಬಂದು ಹೋಗಿದ್ದ. ಹೋಗುವಾಗ ಆ ಚಿಲ್ಲರೆಯನ್ನು ಗೂಡಿನಲ್ಲೇ ಬಿಟ್ಟಿದ್ದ. 'ಗೌರಿ ಹಬ್ಬಕ್ಕೆ ಬತ್ತೀನಲ್ಲ, ಆಮೇಲ್ ತಗಂಡೋದ್ರಾಯ್ತು' ಅಂದಿದ್ದ. ಗೌರಿ ಬಂದು ಹೋದಳು. ಚಿಕ್ಕಪ್ಪ ಬರಲಿಲ್ಲ. ನಮ್ಮೂರ ಪೇಟೆಬೀದಿಯ ಎಸ್‌ಟಿಡಿ ಬೂತಿಗೆ ಬರುತ್ತಿದ್ದ ಫೋನೂ ನಿಂತಿತು. ಕಾಗದವೂ ಇಲ್ಲ.

ಆ ನಾಣ್ಯಗಳನ್ನು ಏನು ಮಾಡಬೇಕೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಅಪ್ಪ ಒಮ್ಮೆ ಕೆ.ಆರ್. ಪೇಟೆಗೆ ಹೋದಾಗ ಬ್ಯಾಂಕಿನಲ್ಲಿ ತೋರಿಸಿದ್ದರು. 'ನೋಟಿದ್ರೆ ತನ್ನಿ, ಹೊರದೇಶದ ಚಿಲ್ರೆ ಯಾರೂ ತಗಳಲ್ಲ' ಅಂದರಂತೆ. ಬರುವ ದಾರಿಯಲ್ಲಿ ಹೊಸಹೊಳಲಿನ ದೇವಸ್ಥಾನಕ್ಕೆ ಹಾಕಿಬಿಡಿ ಎಂದು ಜೊತೆಯಲ್ಲಿದ್ದವರು ಹೇಳಿದ್ದಕ್ಕೆ ಅಪ್ಪ, 'ಅಂಗಡೀಲಿ ನಡೀದಿದ್ದನ್ನ ದೇವ್ರ ತಲೆಗ್ ಕಟ್ಟದಾ?' ಅಂದು ಡಬ್ಬಿಯನ್ನು ಮನೆಗೇ ತಂದಿದ್ದರು.

ಚಿಕ್ಕಮ್ಮನಿಗೆ ಅದರಿಂದ ಸಮಾಧಾನವೇ ಆಗಿತ್ತು. ಕೆಲಸವೆಲ್ಲ ಮುಗಿದ ಮಧ್ಯಾಹ್ನ ಅವಳು ಡಬ್ಬಿ ತೆಗೆದು ಒಂದು ನಾಣ್ಯವನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂರುವಳು. ಅದರ ಮೇಲೆ ಒಂದು ಖರ್ಜೂರದ ಮರ, ಕೆಳಗೆ ಎರಡು ಕತ್ತಿ. 'ಈ ಮರದ್ ನೆಳ್ಳಲ್ಲೇ ಕೂತಿರ್ತಾರಾ ಅಂತ ಕಣಮ್ಮಿ' ಎಂದು ಒಮ್ಮೆ ನನ್ನನ್ನು ಕೇಳಿದ್ದಳು. ನಾನು ನಕ್ಕಿದ್ದೆ. ಅವಳೂ ನಕ್ಕಳು. ಆದರೆ ಬೆರಳು ಮಾತ್ರ ಅಲ್ಲೇ ಓಡಾಡುತ್ತಿತ್ತು.

ಅಜ್ಜಿಗೆ ಅದು ಹಿಡಿಸುತ್ತಿರಲಿಲ್ಲ. 'ಆ ದೇಸದ ಕಾಸು ಈ ಮನೇಲಿರೋಗಂಟ ಆ ದೇಸ ನನ್ ಮಗನ್ನ ಬುಡಾಕಿಲ್ಲ. ಹೊಳೆಗ್ ಬುಟ್ಬುಡಿ' ಎಂದು ದಿನಾ ಹೇಳತೊಡಗಿದಳು. ಬಸ್ಸು ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ನಮ್ಮ ಕಡೆಯವರೆಲ್ಲ ಒಂದು ಕಾಸನ್ನು ಕಣ್ಣಿಗೊತ್ತಿಕೊಂಡು ಕಿಟಕಿಯಿಂದ ಎಸೆಯುತ್ತಾರೆ. ಹಾಗೇ ಎಸೆಯೋಣವೆಂದು ನಾನಂದೆ. ಅಜ್ಜಿ ಒಪ್ಪಲಿಲ್ಲ. ಇದು ದಾರಿಹೋಕರ ಕಾಣಿಕೆಯಲ್ಲ, ಹೆಂಡತಿಯೇ ನೀರಿಗಿಳಿದು, ಹರಿಯುವ ನೀರಿಗೆ ಕೈಯಾರೆ ಬಿಡಬೇಕು ಅಂದಳು. ಚಿಕ್ಕಮ್ಮ ಎದುರಾಡಲಿಲ್ಲ. ಗಂಡ ಬರುವುದಾದರೆ ಡಬ್ಬಿಯೇನು ಮಹಾ ಎಂದುಕೊಂಡಿರಬೇಕು.

ನಾವು ಗಂಜಾಂಗೆ ಹೋದ ಹಿಂದಿನ ದಿನ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರು. ಹೊಳೆ ಕೆಂಪಾಗಿತ್ತು, ಮುಳುಗಿದ ಮೆಟ್ಟಿಲು ಒಂದೂ ಕಾಣುತ್ತಿರಲಿಲ್ಲ. ಚಿಕ್ಕಮ್ಮ ನಾಗಮಂಗಲದ ಕಡೆಯವಳು. ಅವಳು ಬಲ್ಲದ್ದು ಊರ ಕೆರೆ. ಕೆರೆಯ ನೀರು ಇಳಿದವರನ್ನು ಇಳಿದ ಕಡೆಯೇ ನಿಲ್ಲಿಸುತ್ತದೆ. ಅವಳು ಮೊಣಕಾಲುದ್ದದಲ್ಲಿ ನಿಂತಾಗ ನಾನು, 'ಸಾಕು ಚಿಕ್ಕಮ್ಮ, ಅಲ್ಲೇ ಬಿಡು' ಎಂದು ಕೂಗಿದೆ.

'ಇಲ್ ನಿಂತದೆ ಕಣಮ್ಮಿ ನೀರು. ಅರಿಯೋ ನೀರಿಗ್ ಬುಡ್ಬೇಕು ಅಂದವ್ರೆ ಅತ್ತೆ' ಎಂದು ಇನ್ನೂ ಮುಂದಕ್ಕೆ ಹೋದಳು. ಡಬ್ಬಿಯಿಂದ ಒಂದು ಹಿಡಿ ತೆಗೆದಳು. ಬಗ್ಗಿ ಮುಷ್ಟಿಯನ್ನು ನೀರಿನೊಳಗಿಟ್ಟಳು. ಇಟ್ಟವಳು ಹಾಗೇ ಇದ್ದಳು. ಮುಷ್ಟಿ ಬಿಚ್ಚಲಿಲ್ಲ.

ಈಗಲೂ ನನ್ನ ಕಣ್ಣಿಗೆ ಮೊದಲು ಬರುವುದು ಅದೇ: ಕೆಂಪು ನೀರು, ಅದರೊಳಗೆ ಮಣಿಕಟ್ಟಿನವರೆಗೆ ಮುಳುಗಿದ ಬಿಚ್ಚದ ಕೈ. ಆಮೇಲೆ ಅವಳ ಬೆನ್ನು ಒಂದು ಪಕ್ಕಕ್ಕೆ ವಾಲಿತು. ಪಾಚಿಯ ಮೇಲೆ ಕಾಲು ಜಾರಿತೋ, ಸೆಳೆತವೇ ಕಾಲನ್ನು ಕಿತ್ತಿತೋ ತಿಳಿಯದು. ಕೂಗಿಲ್ಲ, ಏನಿಲ್ಲ. ಅವಳಿದ್ದ ಜಾಗದಲ್ಲಿ ಹೊಳೆ ಮಾತ್ರ ಇತ್ತು. ತೇಲಿದ ಸೆರಗನ್ನು ನಾನು ಹಿಡಿದೆ, ಅದು ಭಾರವಿಲ್ಲದೆ ಮಾರುಗಟ್ಟಲೆ ನನ್ನ ಕಡೆಗೇ ಬಿಚ್ಚಿಕೊಂಡು ಬಂತು.

ಕೆಳಗಡೆ ಒಬ್ಬಾತ ಆಟೋ ತೊಳೆಯುತ್ತಿದ್ದ. 'ಯಾ ಅಲ್ಲಾ' ಎಂದು ಅವನು ನೀರಿಗೆ ಧುಮುಕಿದ್ದು ಕೇಳಿಸಿತು. ಅವನು ಅವಳ ಜಡೆಯನ್ನೂ ರಟ್ಟೆಯನ್ನೂ ಹಿಡಿದು ಕಲ್ಲಿಗೆ ಒರಗಿಸಿದ ಮೇಲೆ ನಾನು, ಬಟ್ಟೆ ಒಗೆಯುತ್ತಿದ್ದ ಇಬ್ಬರು ಹೆಂಗಸರು ಸೇರಿ ಎಳೆದುಕೊಂಡೆವು. ಚಿಕ್ಕಮ್ಮ ನೀರು ಕಕ್ಕಿದಳು. ಒಬ್ಬ ಹೆಂಗಸು ಅವಳ ಅಂಗೈ ಉಜ್ಜಲು ಹೋದರೆ ಆ ಮುಷ್ಟಿ ಇನ್ನೂ ಮುಚ್ಚಿಯೇ ಇತ್ತು. ಬಿಚ್ಚಿದಾಗ ಆಟೋದವನು ಬಗ್ಗಿ ನೋಡಿದ.

'ಇದು ರಿಯಾಲ್ ಅಲ್ವೇನಮ್ಮಾ? ಯಾಕಮ್ಮಾ ಇದನ್ನ ಹೊಳೆಗ್ ಹಾಕ್ತೀರಾ? ಅಲ್ಲಿ ರೋಡ್ ಪಕ್ಕದ ಫೋನಿಗೆ ಇದೇ ಹಾಕ್ಬೇಕು. ನಮ್ ಭಾಯಿ ಚಿಲ್ರೆ ಸಿಗ್ದೆ ಒದ್ದಾಡ್ತಾನೆ.'

ಚಿಕ್ಕಮ್ಮ ಕೆಮ್ಮುತ್ತಲೇ ಕೇಳಿದಳು: 'ನಿಮ್ಮಣ್ಣ ಯಾವೂರಲ್ಲವ್ರೆ?'

'ಜೆಡ್ಡಾ. ರಜಾ ಮುಗೀತು, ಬರೋ ವಾರ ವಾಪಸ್ ಹೋಗ್ತಾನೆ.'

ಅವಳು ನನ್ನ ಮುಖ ನೋಡಿದಳು. ಡಬ್ಬಿ ಹೊಳೆಯ ಪಾಲಾಗಿತ್ತು. ಮುಷ್ಟಿಯಲ್ಲಿದ್ದವನ್ನು ಒಮ್ಮೆ ಹೆಬ್ಬೆರಳಿನಿಂದ ಸವರಿ, ಆತನ ಒದ್ದೆ ಅಂಗೈಗೆ ಹಾಕಿದಳು. 'ನಮ್ಮವರನ್ನ ಹುಡ್ಕಿ ಕೊಡಕ್ಕೇಳಣ್ಣ. ಇದನ್ನ ಹಾಕಿ ಒಂದ್ ಫೋನ್ ಮಾಡ್ಬೇಕಂತೆ ಅನ್ನು.' ಚಿಕ್ಕಪ್ಪನ ಹೆಸರನ್ನೂ ಅವನ ಕಂಪನಿಯ ಹೆಸರನ್ನೂ ನಾನು ಬಾಯಲ್ಲಿ ಹೇಳಿದೆ. ಅವನು ಎರಡು ಸಲ ಹೇಳಿಸಿಕೊಂಡ.

ಮನೆಯಲ್ಲಿ ವಿಷಯ ಕೇಳಿ ಅಜ್ಜಿ ಚಿಕ್ಕಮ್ಮನ ಎರಡೂ ಕೈ ಹಿಡಿದುಕೊಂಡು ಬೈದಳು. 'ಕಾಸ್ ಬುಡು ಅಂದ್ರೆ ನೀನೇ ಓಗ್ಬುಡೋದೇನೇ, ಬೇಕೂಫಿ?' ಬೈಯುತ್ತಲೇ ಅಳುತ್ತಿದ್ದಳು. ಕಾಸು ಇನ್ಯಾರದೋ ಕೈಗೆ ಹೋಯಿತೆಂದು ಮತ್ತೆ ಯಾವತ್ತೂ ಎತ್ತಿ ಆಡಲಿಲ್ಲ.

ನಾವಿಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು. ಕಣ್ಣು ಹತ್ತಿತೆನ್ನುವಷ್ಟರಲ್ಲಿ ನನ್ನ ಕೈಗೆ ಆ ಹಗುರವಾದ ಸೆರಗು ಬರುತ್ತಿತ್ತು. ಎದ್ದು ಕೂತರೆ ಪಕ್ಕದಲ್ಲಿ ಅವಳೂ ಕೂತಿರುತ್ತಿದ್ದಳು. ನಾನು ಹೊಳೆಯನ್ನು ನೋಡುತ್ತಿದ್ದೆ. ಅವಳು ನೋಡುತ್ತಿದ್ದದ್ದು ಹೊಳೆಯಲ್ಲ, ದೂರದ ಊರಿನ ಯಾವುದೋ ರಸ್ತೆಬದಿಯ ಫೋನು. ಕಾಲೇಜಿಗೆ ಹೊರಟರೆ, 'ಬೂತ್ ತಾವ ಒಸಿ ಕೇಳ್ಕಂಡ್ ಬಾ ಮಗಾ' ಅನ್ನುವಳು. ನಾನು ಕೇಳುತ್ತಿದ್ದೆ. ಬೂತಿನವನು ದೂರದಿಂದಲೇ ತಲೆಯಾಡಿಸುತ್ತಿದ್ದ.

ಕಬ್ಬು ಕಡಿಯುವ ಕಾಲ ಬಂದಿತ್ತು. ಒಂದು ಶುಕ್ರವಾರ ಬೂತಿನವನೇ ಸೈಕಲ್ಲಿನಲ್ಲಿ ಮನೆಗೆ ಬಂದ. ಚಿಕ್ಕಪ್ಪನ ಫೋನು ಬಂದಿತ್ತಂತೆ, ಅರ್ಧ ಗಂಟೆ ಬಿಟ್ಟು ಮತ್ತೆ ಮಾಡುತ್ತಾನಂತೆ. ಚಿಕ್ಕಮ್ಮ ಸಗಣಿಯ ಕೈಯನ್ನು ತೊಳೆದಳೋ ಇಲ್ಲವೋ, ಓಡಿದಳು. ಗಾಜಿನ ಬಾಗಿಲೊಳಗೆ ಅವಳ ಬೆನ್ನಷ್ಟೇ ನನಗೆ ಕಾಣುತ್ತಿತ್ತು.

ಹೊರಗೆ ಬಂದಾಗ ಅವಳ ಮೂಗು ಕೆಂಪಾಗಿತ್ತು. ಕೆಲಸವನ್ನು ಮರಳುಗಾಡಿನ ಒಳಕ್ಕೆ ಹಾಕಿದ್ದರಂತೆ, ಅಲ್ಲಿ ಫೋನೂ ಇಲ್ಲ, ಅಂಚೆಯೂ ಇಲ್ಲ. ಆಟೋದವನ ಅಣ್ಣ ವಾರಗಟ್ಟಲೆ ವಿಚಾರಿಸಿ ಹುಡುಕಿ ಕಾಸು ತಲುಪಿಸಿದ್ದನಂತೆ, ಶುಕ್ರವಾರದ ರಜೆಗೆ ಚಿಕ್ಕಪ್ಪ ಪಟ್ಟಣಕ್ಕೆ ಬಂದು ಫೋನು ಮಾಡಿದ್ದನಂತೆ.

'ಯಾವಾಗ್ ಬತ್ತಾನಂತೆ?' ನಾನು ಕೇಳಿದೆ.

'ಈ ವರ್ಸ ಆಗಾಕಿಲ್ವಂತೆ.' ಸೆರಗಿನಿಂದ ಮೂಗು ಒರೆಸಿಕೊಂಡು ಮನೆಯ ದಾರಿ ಹಿಡಿದಳು. 'ಈಜ್ ಬರ್ದವ್ಳು ಹೊಳೆಗ್ಯಾಕೆ ಇಳ್ದೆ ಅಂತ ಬೈದ್ರು ಕಣಮ್ಮಿ. ಆಮೇಲ್ ಇಬ್ರೂ ಮಾತೇ ಆಡ್ಲಿಲ್ಲ. ಒಂದೊಂದೇ ಕಾಸು ಹಾಕ್ತಾವ್ರೆ, ಬೀಳೋ ಸದ್ದು ಇಲ್ಲಿಗ್ ಕೇಳ್ತದೆ. ಎಲ್ಲಾ ಮುಗಿಯೋಗಂಟ ಫೋನ್ ಇಡ್ಕಂಡಿದ್ದೆ.'

ಆ ಶುಕ್ರವಾರ ನಾವು ಬೇಗ ಮಲಗಿದೆವು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದ ಅಜ್ಜಿ ಬಾಗಿಲು ಬಡಿಯುವ ತನಕ ಇಬ್ಬರಿಗೂ ಎಚ್ಚರವಾಗಲಿಲ್ಲ.