ಇನ್ನೂ ಇಂಗದ ನೀರು

ಸುವಾರ್ತೆಯ ಪುಸ್ತಕ ಮಾರುತ್ತಾ ನೊಣವಿನಕೆರೆಯ ಬಿಸಿಲಲ್ಲಿ ಅಲೆದು ಸುಸ್ತಾಗಿ, ಒಂದು ಮನೆಯ ಜಗಲಿ ಮೇಲೆ ಕೂತೆ. ಆ ಮನೆಯ ಅಜ್ಜಿ ಅಟ್ಟದಿಂದ ಇಳಿಸಿದ ಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ನೀರು ಇಂಗಿ ಕೊಬ್ಬರಿಯಾದವನ್ನು ಬೇರೆ ಮಾಡುತ್ತಿದ್ದರು.

ದಿನವೂ ಹೇಳಿ ಸವೆದ ಮಾತನ್ನೇ ಹೇಳಿದೆ. “ಯೇಸು ನನ್ನನ್ನು ಹೊಸ ಮನುಷ್ಯನನ್ನಾಗಿ ಮಾಡಿದ, ಅಜ್ಜಿ. ನಂಬಿದವರಿಗೆ ನಿತ್ಯಜೀವ ಸಿಗುತ್ತೆ.”

“ಹೊಸಬನಾಗಿ ಎಷ್ಟು ದಿನ ಆಯ್ತು?”

“ಆರು ತಿಂಗಳು.”

“ಬೆಳಿಗ್ಗೆ ಬಸ್ಸಲ್ಲಿ ಟವಲ್ ಹಾಕಿದ್ ಸೀಟಿಗೆ ಕಿತ್ತಾಡ್ದೋನು ನೀನೇ ಕಣಪ್ಪ. ನಾನು ಹಿಂದೇನೇ ನಿಂತಿದ್ದೆ.”

ಅಜ್ಜಿ ಇನ್ನೊಂದು ಕಾಯಿ ಅಲ್ಲಾಡಿಸಿದರು. “ಇದ್ರಾಗೂ ಇನ್ನೂ ನೀರೈತೆ. ವರ್ಸ ತುಂಬ್ಬೇಕು, ಬುಡು. ಪುಸ್ತಕ ಕೊಟ್ಟು ಹೋಗು.”

ವಾಪಸ್ ಬಸ್ಸಲ್ಲಿ ನನ್ನ ಟವಲ್ ಸರಿಸಿ ಯಾರೋ ಕೂತಿದ್ದ. ಏನೂ ಅನ್ನದೆ ತಿಪಟೂರಿನವರೆಗೂ ನಿಂತೇ ಬಂದೆ. ಒಳಗೆ ಮಾತ್ರ ನೀರು ಅಲ್ಲಾಡುತ್ತಲೇ ಇತ್ತು.