ನೆರಳು ಬಿಟ್ಟು ಮುಂದ ಬರ್ರಿ

ಶಹಾಪುರದ ಸರ್ಕಲ್ಲಿನಲ್ಲಿ ಒಬ್ಬ ಹೋಮ್‌ಗಾರ್ಡ್ ಇದ್ದ. ಎಡಗೈ ಸೊಂಟಕ್ಕಿಟ್ಟು, ಬಲಗೈಯಿಂದ ಎಲ್ಲರನ್ನೂ ಬಿಸಿಲಿಗೆ ಕರೆಯುತ್ತಿದ್ದ: "ನೆರಳು ಬಿಟ್ಟು ಮುಂದ ಬರ್ರಿ!"

ಅಲ್ಲಿನ ಹೊಸ ಸಿಗ್ನಲ್ಲು ಕ್ಯಾಮೆರಾದಿಂದ ಗಾಡಿ ಎಣಿಸಿ, ಹೆಚ್ಚು ಗಾಡಿ ನಿಂತ ರಸ್ತೆಗೆ ಬೇಗ ಹಸಿರು ಕೊಡುತ್ತದೆ. ಉಳಿದ ರಸ್ತೆಯವರು ಬೇಗ ಬೇಗ ದಾಟುತ್ತಾರೆ. ಆದರೆ ಸುರಪುರದ ಕಡೆಯಿಂದ ಬರುವ ನಾವು ಬಿಸಿಲಿಗೆ ಹೆದರಿ, ಸಿಗ್ನಲ್ಲಿನ ಬಿಳಿ ಗೆರೆಯಿಂದ ಮೂವತ್ತು ಹೆಜ್ಜೆ ಹಿಂದೆ, ಬೇವಿನ ಮರದಡಿಯೇ ನಿಲ್ಲುತ್ತೇವೆ. ಗೆರೆಯ ಹತ್ತಿರವಷ್ಟೇ ನೋಡುವ ಕ್ಯಾಮೆರಾಕ್ಕೆ ಕಾಣುವುದು ಖಾಲಿ ರಸ್ತೆ.

ಅವತ್ತು ಅವ್ವನಿಗೆ ದಮ್ಮು ಹತ್ತಿತ್ತು. ಆಟೋದಲ್ಲಿ ದವಾಖಾನೆಗೆ ಒಯ್ಯುತ್ತಿದ್ದೆ. ಮುಂದೆ ನೆರಳಿನಲ್ಲಿ ಬೈಕುಗಳ ಗುಂಪು. ಅಡ್ಡರಸ್ತೆಯ ಲಾರಿಗಳು ನಿಲ್ಲುತ್ತಲೇ ಇಲ್ಲ. ಅವ್ವನ ತುಟಿ ನೀಲಿಯಾಗುತ್ತಿತ್ತು. ನಾನು ಚೀರಿದ್ದು ಕೇಳಿ ಆ ಹೋಮ್‌ಗಾರ್ಡ್ ಓಡಿಬಂದ, ಒಬ್ಬೊಬ್ಬರ ಹ್ಯಾಂಡಲ್ ಹಿಡಿದು ಬಿಸಿಲಿಗೆ ಎಳೆದ.

"ನಿಮ್ಮ ಗಾಡಿ ಅದಕ್ಕ ಕಾಣವಲ್ವು, ಬರ್ರಿ! ಹಿಂದ ತಾಯಿ ಒದ್ದಾಡಾಕತ್ತಾಳ!"

ಹಸಿರು ಬಿತ್ತು. ಅವ್ವ ಉಳಿದಳು.

ಸಿಗ್ನಲ್ಲು ತಾನೇ ನೋಡಿಕೊಳ್ಳುತ್ತದೆಂದು ಈಗ ಆತನನ್ನು ಬೇರೆಡೆ ಹಾಕಿದ್ದಾರೆ. ನಿನ್ನೆ ಮಧ್ಯಾಹ್ನ ಗೆರೆಯ ಮೇಲೆ ನನ್ನದೊಂದೇ ಬೈಕು. ಹಿಂದೆ, ಬೇವಿನಡಿ ನಿಂತ ಬೈಕುಗಳ ಗುಂಪಿನ ಆಚೆ, ಆಂಬುಲೆನ್ಸ್ ಒದರುತ್ತಿತ್ತು. ತಿರುಗಿ, ಆತನಂತೆಯೇ ಕೈ ಬೀಸಿದೆ: "ಮುಂದ ಬರ್ರಿ!"

ಯಾರೂ ಕದಲಲಿಲ್ಲ.